ಲಕೋಟೆಯ ಮೇಲಿದ್ದ ವಿಳಾಸ

ವಾಡಿ ಜಂಕ್ಷನ್ನಿನಲ್ಲಿ ಶಹಾಬಾದಿನ ಕಡೆ ಹೋಗುವ ಪ್ಯಾಸೆಂಜರಿಗೆ ಕಾಯುತ್ತ ನಿಂತಿದ್ದ ಬಸವೇಶ್ವರಿಗೆ, ಬೆಂಚಿನ ಮೇಲೆ ಕುಳಿತ ಹೆಂಗಸು ತನ್ನ ಬಾಲ್ಯದ ಗೆಳತಿ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆದರೆ ಚೀಲವನ್ನು ನೆಲಕ್ಕಿಡದೆ ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದು ಕೂಡುವ ರೀತಿ ಹಾಗೇ ಇತ್ತು. ಒಂದನೇ ಇಯತ್ತೆಯಲ್ಲಿ ಪಾಟಿಚೀಲವನ್ನೂ ಆಕೆ ಹೀಗೇ ಹಿಡಿಯುತ್ತಿದ್ದಳು.

"ರಮಾ! ಏ ರಮಾ!"

ರಮಾಬಾಯಿ ತಿರುಗಿ ನೋಡಿದಳು. ಮುಖ ಅರಳಿತು, ಅರಳಿದ್ದು ಅರ್ಧಕ್ಕೇ ನಿಂತಿತು.

"ಓ, ನೀವಾ? ಆರಾಮಿದ್ದೀರೇನ್ರಿ?"

ಬಸವೇಶ್ವರಿ ನಕ್ಕಳು. "ಏನು ಚ್ಯಾಷ್ಟಿ ಮಾಡ್ಲಿಕತ್ತೀಯೇನ? ನನಗ ಯಾವಾಗಿಂದ ನೀವು ಅಂತಿ?"

"ಓಲೆ ಬರೂದು ನಿಂತ ಮ್ಯಾಲಿಂದ," ಎಂದಳು ರಮಾಬಾಯಿ.

ಆಕೆ ನಗುತ್ತಿರಲಿಲ್ಲ. ಸನ್ನತಿಯಲ್ಲಿ ಅಂಗನವಾಡಿ ನಡೆಸುತ್ತಿದ್ದ ರಮಾಬಾಯಿ ಅಂದು ನಾಲವಾರದಲ್ಲಿ ರೈಲು ಹತ್ತಿ, ಸೇಡಂನ ಮಗಳ ಮನೆಗೆಂದು ವಾಡಿಯಲ್ಲಿ ಗಾಡಿ ಬದಲಿಸಲು ಇಳಿದಿದ್ದಳು. ಆಕೆ ಮಾತಾಡಿದ್ದು ಹಳಿಗಳ ಕಡೆ ನೋಡುತ್ತ.

"ನಮ್ಮ ಗುರುಲಿಂಗಯ್ಯ ಸರ್ ಹೋದ ಸುದ್ದಿ ನನಗ ಯಾರು ಹೇಳಿದ್ರು ಗೊತ್ತದ ಏನ್ರಿ? ನಾಲವಾರ ಸ್ಟೇಷನ್ನಿನ್ಯಾಗ ಚಾ ಮಾರಾಂವ. ಇಪ್ಪತ್ತು ದಿನ ಆದ ಮ್ಯಾಲ. ಮಣ್ಣಿಗೂ ಬರಲಿಲ್ಲ ನಾ, ಮುಖಾನೂ ನೋಡಲಿಲ್ಲ. ಸರ್ ಇದ್ದಾಗ ಒಂದ ಓಲೆ ತಪ್ಪಿದ್ದಿಲ್ಲ. ಪಟ್ಟಿ ನಿಮ್ಮ ಕೈಯಾಗ ಬಂತು, ನಮ್ಮ ಹೆಸರು ಬಿಟ್ಟು ಹೋತು. ಬಿಟ್ಟೀರಿ, ಬಿಡ್ರಿ. ನಮ್ಮ ಮನೀ ಹೆಸರು ಬಿಡೂದು ಹೊಸಾದೇನಲ್ಲ."

ಕಡೆಯ ಮಾತು ಬಸವೇಶ್ವರಿಗೆ ಎದೆಗೇ ತಾಗಿತು. "ಬಿಟ್ಟಿಲ್ಲ ರಮಾ, ಖರೇ ಬಿಟ್ಟಿಲ್ಲ. ಪ್ರತಿ ಸಲ ಎಲ್ಲರಿಗೂ ಕಳಸ್ತೀನಿ. ಮುಟ್ಟದಿದ್ರ ವಾಪಸ್ ಬರ್ತದ. ಒಂದೂ ವಾಪಸ್ ಬಂದಿಲ್ಲ."

"ನನಗೂ ಬಂದಿಲ್ಲ, ನಿಮಗೂ ವಾಪಸ್ ಬಂದಿಲ್ಲ. ಹಂಗಾದ್ರ ಎಲ್ಲಿ ಹೋತು?"

ಅಷ್ಟರಲ್ಲಿ ಸೇಡಂ ಗಾಡಿ ಬಂತು. ರಮಾಬಾಯಿ ಚೀಲವನ್ನು ಅದೇ ರೀತಿ ಅಪ್ಪಿಕೊಂಡು ಹತ್ತಿದಳು. ಕಿಟಕಿಯಿಂದ ಕೈ ಬೀಸಲಿಲ್ಲ.

ಶಹಾಬಾದಿನ ಕಾಲೇಜೊಂದರಲ್ಲಿ ಬಸವೇಶ್ವರಿ ಗ್ರಂಥಾಲಯದ ಸಹಾಯಕಿ. ಅಂದು ಇಡೀ ದಿನ ಪುಸ್ತಕಗಳನ್ನು ತಪ್ಪು ಕಪಾಟಿಗೆ ಇಟ್ಟಳು.

ಓಲೆಯ ಕಥೆ ಹೇಳಬೇಕೆಂದರೆ ವಾಡಿಯ ಕಾಲೊನಿ ಶಾಲೆಯಿಂದ ಶುರುಮಾಡಬೇಕು. ಗ್ಯಾಂಗ್‌ಮನ್‌ಗಳ ಮಕ್ಕಳು, ಕಲ್ಲಿನ ಗಣಿಯಲ್ಲಿ ಫರಸಿ ಒಡೆಯುವವರ ಮಕ್ಕಳು, ಸಿಮೆಂಟಿನ ಕೆಲಸದವರ ಮಕ್ಕಳು, ಎಲ್ಲ ಒಂದೇ ಶಾಲೆಗೆ ಬರುತ್ತಿದ್ದ ಕಾಲ ಅದು. ಗೂಡ್ಸ್ ಗಾಡಿ ಹೋಗುವಾಗ ಪಾಠ ನಿಲ್ಲುತ್ತಿತ್ತು. ಡಬ್ಬಿಗಳನ್ನು ಎಣಿಸುವುದಕ್ಕೆ ಮಕ್ಕಳಿಗೆ ಅನುಮತಿ ಇತ್ತು, ಏಕೆಂದರೆ ಗಣಿತದ ಗುರುಲಿಂಗಯ್ಯ ಸರ್ ಸ್ವತಃ ಎಣಿಸುತ್ತಿದ್ದರು. ಐವತ್ತೆಂಟೋ ಐವತ್ತೊಂಬತ್ತೋ ಎಂದು ಜಗಳ ಬಿದ್ದರೆ ಅವರೇ ತೀರ್ಪು ಕೊಡುವರು. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದರೆ ಬಸವೇಶ್ವರಿಯ ಕಡಕ್ ರೊಟ್ಟಿ ರಮಾಬಾಯಿಗೆ, ರಮಾಬಾಯಿಯ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಬಸವೇಶ್ವರಿಗೆ. ಇದು ಮನೆಯಲ್ಲಿ ಗೊತ್ತಾಗಿ ಬಸವೇಶ್ವರಿಯ ಅಜ್ಜಿ ಒಮ್ಮೆ ಶಾಲೆಯ ತನಕ ಬಂದು ಕೂಗಾಡಿದ್ದಳು. ಸರ್ ಆಕೆಯನ್ನು ಕೂಡಿಸಿ, ನೀರು ಕೊಟ್ಟು, ತಾವೂ ಆ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿಂದರು. ಅಜ್ಜಿ ಎದ್ದು ಹೋದಳು.

ಎರಡು ಸಾವಿರದ ಎಂಟರಲ್ಲಿ ಶಾಲೆ ಮುಚ್ಚಿತು. ಅದೇ ವರ್ಷ ನಿವೃತ್ತರಾದ ಸರ್, ದಾಖಲಾತಿ ರಜಿಸ್ಟರಿನ ನಕಲು ಮಾಡಿಕೊಂಡು ಚಿತ್ತಾಪುರದ ತಮ್ಮ ಮನೆಗೆ ಒಯ್ದರು. ಐವತ್ತೆಂಟನೆಯ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತರು. ಮೂರು ತಿಂಗಳಿಗೊಮ್ಮೆ ಹಳೆಯ ವಿದ್ಯಾರ್ಥಿಗಳಿಗೆಲ್ಲ ಇಮೇಲಿನಲ್ಲಿ ಒಂದು ಪತ್ರ ಬರೆಯತೊಡಗಿದರು. ಅದಕ್ಕೆ ಅವರು ಇಟ್ಟ ಹೆಸರು ಓಲೆ. ಯಾರಿಗೆ ಮಗುವಾಯಿತು, ಯಾರ ಮೊಣಕಾಲಿನ ಆಪರೇಷನ್ ಆಯಿತು, ಶಾಲೆಯ ಬೇವಿನ ಗಿಡ ಈ ಸಲ ಹೇಗೆ ಹೂ ಬಿಟ್ಟಿದೆ, ಎಲ್ಲ ಅದರಲ್ಲಿ ಇರುತ್ತಿತ್ತು. ಕೊನೆಗೆ ಒಂದು ಲೆಕ್ಕ. ಲೆಕ್ಕ ಬಿಡಿಸಿ ಕಳಿಸಿದವರ ಹೆಸರು ಮುಂದಿನ ಓಲೆಯಲ್ಲಿ. ಹೊಟ್ಟೆ ಬಂದ ಗಂಡಸರು, ಮೊಮ್ಮಕ್ಕಳಿದ್ದ ಹೆಂಗಸರು ಆ ಒಂದು ಸಾಲಿನಲ್ಲಿ ತಮ್ಮ ಹೆಸರು ನೋಡಲು ಪೆನ್ನು ಹಿಡಿದು ಕೂಡುತ್ತಿದ್ದರು. ವಾಟ್ಸಾಪಿನಲ್ಲೂ ಒಂದು ಗುಂಪು ಇತ್ತು, ರಮಾಬಾಯಿ ಅದರಲ್ಲಿ ಇರಲಿಲ್ಲ. ಅದರಲ್ಲಿ ಬೆಳಗಾದರೆ ಹೂವಿನ ಚಿತ್ರ, ಸಂಜೆಯಾದರೆ ಜಗಳ. ಓಲೆ ಬೇರೆ. ಅದು ಹೆಸರು ಹಿಡಿದು ಬರುತ್ತಿತ್ತು: ಚಿರಂಜೀವಿ ಬಸವೇಶ್ವರಿಗೆ, ಎಂದು.

ಎರಡೂವರೆ ವರ್ಷದ ಹಿಂದೆ, ಶ್ರಾವಣ ಹಿಡಿಯುವ ಮುಂಚೆ, ಸರ್ ತೀರಿಕೊಂಡರು. ಆ ದಿನವೇ ಓಲೆ ನಿಲ್ಲಬಾರದು ಎಂದವರು ಹಲವರು, ಬರೆಯುತ್ತೇನೆ ಎಂದವಳು ಬಸವೇಶ್ವರಿ ಒಬ್ಬಳೇ. ಸೇಡಂನಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವ ಸಂತೋಷಕುಮಾರ, ಅವನೂ ಅದೇ ಶಾಲೆಯವನು, ಇವರಿಗಿಂತ ಹತ್ತು ವರ್ಷ ಚಿಕ್ಕವನು, ಸರ್ ಬಳಸುತ್ತಿದ್ದ ಪತ್ರ ಕಳಿಸುವ ತಂತ್ರಾಂಶವನ್ನು ತನ್ನ ಕಡೆ ಹಾಕಿಕೊಂಡು ಅಂದೇ ಬಸವೇಶ್ವರಿಗೆ ಒಂದು ಸರಳ ಪುಟ ಮಾಡಿಕೊಟ್ಟ. ಓಲೆ ಅಂಟಿಸಿ ಗುಂಡಿ ಒತ್ತಿದರೆ ಸಾಕು. ಆಕೆ ಬರೆದ ಮೊದಲ ಓಲೆಯೇ ಸರ್ ತೀರಿಕೊಂಡ ಸುದ್ದಿ. ಅಲ್ಲಿಂದ ಈಚೆಗೆ ಹನ್ನೊಂದು ಓಲೆ ಕಳಿಸಿದ್ದಳು. ಒಂದೂ ಹಿಂದಿರುಗಿ ಬಂದಿರಲಿಲ್ಲ. ಅದನ್ನು ಆಕೆ ಒಳಗೊಳಗೇ ಹೆಮ್ಮೆಯಿಂದ ಇಟ್ಟುಕೊಂಡಿದ್ದಳು.

ಆ ಶನಿವಾರ ಆಕೆ ಸೇಡಂಗೆ ಹೋದಳು. ಬಸ್‌ಸ್ಟ್ಯಾಂಡಿನ ಹಿಂದೆ ಸಂತೋಷಕುಮಾರನ ಕೇಂದ್ರ. ಪಹಣಿಗೆ, ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸಲು ಬಂದವರು ಹೊರಗೆ ಸಾಲಾಗಿ ನಿಂತಿದ್ದರು. ಅವನು ಆಕೆಗೆ ಕುರ್ಚಿ ಎಳೆದು, "ಕುಂದ್ರಿ ಅಕ್ಕ, ಚಾ ತರಿಸ್ತೀನಿ," ಎಂದ.

"ಚಾ ಆಮ್ಯಾಲ. ನಾ ಕಳಸಿದ ಓಲೆ ಒಂದು ತೋರ್ಸು. ರಮಾಬಾಯಿಗೆ ಕಳಸಿದ್ದು."

ಅವನು ಹುಡುಕಿ ತೆಗೆದ. ಪರದೆಯ ಮೇಲೆ ಓಲೆಗೂ ಮೊದಲು, ಆಕೆ ಎಂದೂ ನೋಡಿರದ ಸಾಲುಗಳು ಇದ್ದವು. ಮೊದಲ ಸಾಲಿನ ಮೇಲೆ ಕಣ್ಣು ಬಿದ್ದದ್ದೇ ಸಂತೋಷಕುಮಾರ ಮೌಸಿನಿಂದ ಕೈ ತೆಗೆದ. ಕತ್ತಿನ ಹಿಂಭಾಗ ಉಜ್ಜಿಕೊಂಡ.

"ಏನಾತು?"

"ಅಕ್ಕ, ತಪ್ಪು ನಂದೇ ಅದ." ಅವನು ಕುರ್ಚಿ ಹತ್ತಿರ ಎಳೆದುಕೊಂಡ. "ಟಪಾಲಿನ ಕಾಗದ ನೆನಪು ಮಾಡ್ಕೋರಿ. ಒಳಗ ಕಾಗದ, ಕೆಳಗ ಸಹಿ. ಮ್ಯಾಲ ಪಾಕೀಟು, ಅದರ ಮ್ಯಾಲ ಕಳಸಿದೋರ ಪತ್ತಾ. ಹೌದಿಲ್ರಿ? ಇಮೇಲಿಗೂ ಹಂಗೇ ಎರಡು ಇರ್ತಾವ. ಒಳಗಿನ ಹೆಸರು ಓದೋರಿಗೆ ಕಾಣ್ತದ. ಪಾಕೀಟಿನ ಮ್ಯಾಲಿನ ಪತ್ತಾ ಓದೋರು ನೋಡಂಗಿಲ್ಲ, ಮುಟ್ಟಿಸೋ ಮಷೀನಷ್ಟೇ ನೋಡ್ತದ. ಓಲೆ ಮುಟ್ಟಲಿಲ್ಲಂದ್ರ ಒಳಗ ಯಾರ ಸಹಿ ಅದ ಅಂತ ಮಷೀನು ತೆಗೆದು ನೋಡಂಗಿಲ್ಲ. ಪಾಕೀಟಿನ ಮ್ಯಾಲ ಯಾರ ಪತ್ತಾ ಅದ, ಅವರಿಗೇ ವಾಪಸ್."

"ಒಳಗ ನನ್ನ ಹೆಸರದ ಅಲ್ಲಾ?"

"ಒಳಗ ನಿಮ್ಮ ಹೆಸರು ಹಾಕಿದೆ. ಪಾಕೀಟು ಮುಟ್ಟಲಿಲ್ಲ. ಸರ್ ಮಾಡಿಟ್ಟಿದ್ದು ಕೆಡಸಬಾರ್ದು ಅಂತ ಹಂಗೇ ಬಿಟ್ಟೆ."

"ಅಂದ್ರ ವಾಪಸ್ ಬಂದಿದ್ದೆಲ್ಲಾ…"

"ಸರ್ ಹೆಸರಿನ ಇಮೇಲ್ ಡಬ್ಬಿಗೆ ಹೋಗ್ಯಾವ."

ಹೊರಗೆ ಯಾರೋ ಆಧಾರ್ ಕಾರ್ಡಿನ ಝೆರಾಕ್ಸ್ ಕೇಳಿದರು, ಸಂತೋಷಕುಮಾರ ಎದ್ದು ಮಾಡಿಕೊಟ್ಟು ಬಂದ. ಅಷ್ಟರಲ್ಲಿ ಬಸವೇಶ್ವರಿ ಆ ಮೊದಲ ಸಾಲನ್ನು ತಾನೇ ಓದಿದ್ದಳು. ಶಾಲೆಯ ಹೆಸರಿನ ವಿಳಾಸ, ಅದರ ನಡುವೆ ಒಂದು ಸಂಖ್ಯೆ: ಇನ್ನೂರ ಹದಿನೇಳು.

"ಈ ನಂಬರ್ ಏನು?"

"ಅದು ಸರ್ ಮಾಡಿದ್ದು. ಒಬ್ಬೊಬ್ಬರಿಗೆ ಒಂದೊಂದು ವಾಪಸ್ ಪತ್ತಾ. ಎಲ್ಲಾ ಬಂದು ಬೀಳೂದು ಒಂದೇ ಡಬ್ಬ್ಯಾಗ, ಆದ್ರ ನಂಬರ್ ಬ್ಯಾರೆ. ಕೆಲವರು ಒಂದು ಐಡಿಗೆ ಬಂದದ್ದು ಇನ್ನೊಂದಕ್ಕ ಹೋಗೋಹಂಗ ಮಾಡಿರ್ತಾರ. ಅಲ್ಲಿಂದ ವಾಪಸ್ ಬಂದ್ರ ಯಾರದು ಅಂತ ಹೆಸರಿನಿಂದ ತಿಳಿಯಂಗಿಲ್ಲ. ನಂಬರ್ ಇದ್ರ ತಪ್ಪಂಗಿಲ್ಲ. ಆ ನಂಬರ್ ಎಲ್ಲಿಂದ ತಂದ್ರೋ ನನಗ ಗೊತ್ತಿಲ್ಲ."

ಬಸವೇಶ್ವರಿಗೆ ಗೊತ್ತಿತ್ತು. ಅದು ದಾಖಲಾತಿ ರಜಿಸ್ಟರಿನ ನಂಬರು. ಎಪ್ಪತ್ತೊಂಬತ್ತರ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ, ಶಾಲೆಯ ಬಾಗಿಲಲ್ಲಿ ಅಪ್ಪಂದಿರು ಸಾಲಾಗಿ ನಿಂತಿದ್ದರು. ಆಕೆಯ ಅಪ್ಪನ ಹಿಂದೆಯೇ ರಮಾಬಾಯಿಯ ಅಪ್ಪ. ಇನ್ನೂರ ಹದಿನಾರು ಬಸವೇಶ್ವರಿ, ಇನ್ನೂರ ಹದಿನೇಳು ರಮಾಬಾಯಿ. ಹತ್ತು ವರ್ಷ ಒಂದೇ ಬೆಂಚು ಸಿಕ್ಕಿದ್ದು ಆ ಸಾಲಿನಿಂದಲೇ.

"ಡಬ್ಬಿ ತೆಗೀಲೇನ್ರಿ?" ಸಂತೋಷಕುಮಾರ ಕೇಳಿದ. "ನನ್ನ ಕಡಿಂದ ತೆಗೀಬಹುದು."

"ಬ್ಯಾಡ. ಅದು ಸರ್ ಡಬ್ಬಿ. ಅಮ್ಮಾರನ್ನ ಕೇಳದ ತೆಗೀಬಾರ್ದು."

ಮರುದಿನ ಭಾನುವಾರ. ಸರ್ ಹೆಂಡತಿ ಶಿವಕಾಂತಮ್ಮ ಚಿತ್ತಾಪುರದ ಮನೆಯ ಪಡಸಾಲೆಯಲ್ಲಿ ಐದಾರು ಹೆಂಗಸರಿಗೆ ಕೌದಿ ಹೊಲಿಯುವುದನ್ನು ಹೇಳಿಕೊಡುತ್ತಿದ್ದರು. ನೆಲದ ತುಂಬ ಬಣ್ಣಬಣ್ಣದ ತುಂಡು ಬಟ್ಟೆ. ಎಪ್ಪತ್ತು ದಾಟಿದರೂ ಸೂಜಿಗೆ ದಾರ ಪೋಣಿಸಲು ಅವರಿಗೆ ಕನ್ನಡಕ ಬೇಕಿರಲಿಲ್ಲ. ಬಸವೇಶ್ವರಿ ಬಂದ ಕಾರಣ ಹೇಳಿದಳು. ಲಕೋಟೆ, ವಿಳಾಸ, ಡಬ್ಬಿ, ಎಲ್ಲವನ್ನೂ ತನಗೆ ತಿಳಿದ ಹಾಗೆ ಹೇಳಿದಳು. ಅರ್ಥವಾಗದಿರಬಹುದು ಎಂದುಕೊಂಡಿದ್ದಳು.

ಶಿವಕಾಂತಮ್ಮ ಸೂಜಿಯನ್ನು ಕೌದಿಗೆ ಚುಚ್ಚಿಟ್ಟರು. "ಹಂಗಾದ್ರ ಎರಡೂವರೆ ವರ್ಷ ವಾಪಸ್ ಬಂದೋರ ಮನಿಗೆ ಯಾರೂ ಹೋಗಿಲ್ಲಾ?"

"ಮನಿಗೆ ಅಂದ್ರ?"

"ನಿನಗ ಗೊತ್ತಿಲ್ಲೇನವಾ?" ಅವರು ಎದ್ದು ಒಳಗೆ ಹೋಗಿ ಒಂದು ಉದ್ದನೆಯ ಪುಸ್ತಕ ತಂದರು, ಹಾಜರಿ ಪುಸ್ತಕದಂಥದು. "ಓಲೆ ಕಳಿಸಿದ ಮರುದಿನ ಅವರು ಮುಂಜಾನೆದ್ದು ಡಬ್ಬಿ ತೆಗೆದು ಕೂಡ್ತಿದ್ರು. ಯಾರು ವಾಪಸ್ ಬಂದಾರ ನೋಡಿ ಇದರಾಗ ಬರೀತಿದ್ರು. ಆಮ್ಯಾಲ ಭಾನುವಾರಕ್ಕೊಬ್ಬರು ಇಬ್ಬರು. ಓಲೆ ಕಾಗದದ ಮ್ಯಾಲ ತೆಗೆದು ಮಡಚಿ ಕಿಸೆದಾಗ ಇಟ್ಕೊಂಡು ರೈಲು ಹತ್ತೂದು. ಮೊಣಕಾಲು ನೋಯ್ತಾವ, ಬ್ಯಾಡ ಅಂದ್ರ ಕೇಳೂದಿಲ್ಲ. ಹಾಜರಿ ಕೂಗಿದಾಗ ಒಬ್ಬ ಹುಡುಗ ಉತ್ತರ ಕೊಡಲಿಲ್ಲಂದ್ರ ಮನಿಗೆ ಹೋಗಿ ಕೇಳಬೇಕು, ಅಂತಿದ್ರು."

ಬಸವೇಶ್ವರಿ ಪುಸ್ತಕ ತೆರೆದಳು. ಸರ್ ಅಕ್ಷರ, ಕರಿಹಲಗೆಯ ಮೇಲೆ ಬರೆದಷ್ಟೇ ನೆಟ್ಟಗೆ. ಒಂದು ಕಡೆ ನಂಬರು, ಪಕ್ಕದಲ್ಲಿ ಕಾರಣ, ಆಮೇಲೆ ಏನಾಯಿತು ಎಂಬುದು. "ಇಂಥ ವಿಳಾಸವಿಲ್ಲ. ಹೊಸ ಮೊಬೈಲು, ಅಂಗಡಿಯವನು ಹೊಸ ಐಡಿ ಮಾಡಿದ್ದಾನೆ. ಶಹಾಬಾದಿಗೆ ಹೋಗಿ ಬರೆದುಕೊಂಡು ಬಂದೆ." "ಎದುರಿನ ಯಂತ್ರ ಸದ್ಯ ತೆಗೆದುಕೊಳ್ಳುತ್ತಿಲ್ಲ. ಎರಡು ದಿನ ಕಾಯಬೇಕು, ಹೋಗುವ ಅಗತ್ಯವಿಲ್ಲ." ಪುಟ ತಿರುಗಿಸುತ್ತ ಹೋದ ಹಾಗೆ ಇನ್ನೂರ ಹದಿನೇಳು ಸಿಕ್ಕಿತು. "ಡಬ್ಬಿ ತುಂಬಿದೆ. ನಾಲವಾರ, ಅಲ್ಲಿಂದ ಸನ್ನತಿ ಬಸ್ಸು. ರಮಾಬಾಯಿಗೆ ಮೊಮ್ಮಗ ಹುಟ್ಟಿದ್ದಾನೆ. ಮೊಬೈಲು ತುಂಬ ಅವನದೇ ಫೋಟೊ, ಅವು ತಾವಾಗಿ ಇಮೇಲಿನ ಜಾಗವನ್ನೂ ಹಿಡಿದಿವೆ. ಜಾಗ ಉಳಿದಿಲ್ಲ, ಓಲೆ ಒಳಗೆ ಬರುತ್ತಿಲ್ಲ. ಅಳಿಸು ಎನ್ನಲು ಮನಸ್ಸಾಗಲಿಲ್ಲ. ಓಲೆ ಕೈಯಲ್ಲಿ ಕೊಟ್ಟೆ. ಊಟ ಮಾಡಿದೆ." ಅದರ ಕೆಳಗೆ ಮೂರು ಮೂರು ತಿಂಗಳಿಗೆ ಒಂದೇ ಮಾತು: "೨೧೭. ಕೈಯಲ್ಲಿ ಕೊಟ್ಟೆ."

ಒಂದೂ ಹಿಂದಿರುಗಿ ಬಂದಿಲ್ಲ ಎಂದು ತಾನು ಹೆಮ್ಮೆಪಟ್ಟದ್ದು ನೆನಪಾಗಿ ಬಸವೇಶ್ವರಿಗೆ ನಾಚಿಕೆಯಾಯಿತು.

"ನಾ ಕೇಳಬೇಕಾಗಿತ್ತು ಅಮ್ಮಾ. ನಾನೂರು ಮಂದಿಗೆ ಕಳಸ್ತೀನಿ, ಒಬ್ಬರದೂ ವಾಪಸ್ ಬರಂಗಿಲ್ಲ ಅಂದ್ರ ಹ್ಯಾಂಗ ಅಂತ ಕೇಳಬೇಕಾಗಿತ್ತು."

"ಆತು ಬಿಡು. ಈಗ ಡಬ್ಬಿ ತೆಗೀರಿ," ಎಂದರು ಶಿವಕಾಂತಮ್ಮ. ಕೌದಿ ಮಡಚಿಟ್ಟು, "ನಾನೂ ಬರ್ತೀನಿ," ಎಂದರು.

ಅಂದೇ ಮಧ್ಯಾಹ್ನದ ಗಾಡಿಗೆ ಇಬ್ಬರೂ ಸೇಡಂಗೆ ಹೋದರು. ತೊಗರಿ ಕಟಾವಾದ ಹೊಲಗಳು ಕಿಟಕಿಯಾಚೆ ಹಿಂದೆ ಹಿಂದೆ ಸರಿದವು. ಅವರು ಈ ದಾರಿಯಲ್ಲಿ ಹೋಗುವಾಗ ಯಾವ ಕಡೆ ಕೂಡುತ್ತಿದ್ದರೋ ಏನೋ, ಎಂದು ಶಿವಕಾಂತಮ್ಮ ಒಮ್ಮೆ ಹೇಳಿದರು.

ಸಂತೋಷಕುಮಾರ ಕೇಂದ್ರದ ಬಾಗಿಲು ಅರ್ಧ ಮುಚ್ಚಿ ಡಬ್ಬಿ ತೆರೆದ. ಆರುನೂರಕ್ಕೂ ಮಿಕ್ಕಿ ಪತ್ರಗಳು, ಒಂದೂ ಓದಿದ್ದಲ್ಲ. ನಂಬರಿನ ಪ್ರಕಾರ ಒಟ್ಟುಮಾಡಿ ನೋಡಿದರೆ ಅರವತ್ತೊಂದು ಜನ. ಕೆಲವರದು ಒಂದೆರಡು ಸಲ ಬಂದಿತ್ತು, ಹಲವರದು ಹನ್ನೊಂದೂ ಸಲ. ಸಂತೋಷಕುಮಾರ ನಂಬರು ಓದುತ್ತ ಹೋದ, ಬಸವೇಶ್ವರಿ ನೆನಪಿದ್ದಷ್ಟು ಹೆಸರು ಹೇಳುತ್ತ ಹೋದಳು. ಉಳಿದದ್ದನ್ನು ಶಿವಕಾಂತಮ್ಮ ಪುಸ್ತಕ ನೋಡಿ ಹೇಳಿದರು.

"ಈ ವಾಪಸ್ ಬಂದ ಕಾಗದಕ್ಕ ಕಳಿಸಿದೋರ ಪತ್ತಾನೇ ಇಲ್ಲಲ್ಲೋ? ಆ ಜಾಗ ಖಾಲಿ ಅದ," ಎಂದಳು ಬಸವೇಶ್ವರಿ.

"ಬೇಕಂತಲೇ ಖಾಲಿ ಇಡ್ತಾರ ಅಕ್ಕ. ವಾಪಸ್ ಬಂದದ್ದು ಇಲ್ಲೂ ಮುಟ್ಟಲಿಲ್ಲಂದ್ರ ಮತ್ತ ಅವರಿಗೆ ವಾಪಸ್, ಅವರಿಂದ ಮತ್ತ ನಮಗ. ಎರಡು ಮಷೀನು ಹಗಲೂ ರಾತ್ರಿ ಅದನ್ನೇ ಮಾಡ್ಕೋತ ಕೂಡ್ತಾವ."

"ಯಾರರೆ ಒಬ್ಬರು ಸುಮ್ಮನಾಗಬೇಕಲ್ಲಪ್ಪಾ," ಎಂದರು ಶಿವಕಾಂತಮ್ಮ. ಮೂವರೂ ನಕ್ಕರು.

ನಡುವೆ ಒಂದು ಪತ್ರ ಉಳಿದವುಗಳ ಹಾಗೆ ಇರಲಿಲ್ಲ. ಯಂತ್ರದ ಇಂಗ್ಲಿಷಿನ ಬದಲು ಕನ್ನಡದಲ್ಲಿತ್ತು. ಶಿವಕಾಂತಮ್ಮ ಅದನ್ನು ಗಟ್ಟಿಯಾಗಿ ಓದಿದರು: "ನಮ್ಮ ತಂದೆ ರೇವಣಸಿದ್ದಯ್ಯ ಅವರು ತೀರಿಕೊಂಡಿದ್ದಾರೆ. ಈ ಪತ್ರ ತಾನಾಗಿ ಹೋಗುವಂತೆ ಇಟ್ಟಿದ್ದೇನೆ. ಅವರ ಪರಿಚಯದವರು ದಯವಿಟ್ಟು ನನಗೆ ಫೋನ್ ಮಾಡಿ. ಉಮಾದೇವಿ." ಕೆಳಗೆ ಫೋನ್ ನಂಬರು. ತಂದೆ ಹೋದ ಮೇಲೆ ಓಲೆ ಹೋದಾಗಲೆಲ್ಲ ಆ ಉತ್ತರ ಬಂದಿತ್ತು, ಏಳು ಸಲ. ತಾನಾಗಿ ಹೋಗುವ ಉತ್ತರಗಳೂ ಲಕೋಟೆಯ ಮೇಲಿನ ವಿಳಾಸಕ್ಕೇ ಹೋಗುತ್ತವೆ ಎಂದ ಸಂತೋಷಕುಮಾರ.

ರೇವಣಸಿದ್ದಯ್ಯ ಶಾಲೆಯ ಮೊದಲ ತಂಡದವನು, ಗೂಡ್ಸ್ ಗಾರ್ಡ್ ಆಗಿದ್ದ. ಬಸವೇಶ್ವರಿ ಅಲ್ಲಿಂದಲೇ ಫೋನ್ ಹಚ್ಚಿದಳು.

"ನಾ ವಾಡಿ ಕಾಲೊನಿ ಶಾಲಿಯಾಕಿ, ಬಸವೇಶ್ವರಿ. ಓಲೆ ಬರಿಯಾಕಿ. ನಿಮ್ಮ ಸುದ್ದಿ ನಾವು ಇವತ್ತ ನೋಡಿದ್ವಿ ತಂಗಿ. ತಪ್ಪಾತು."

ಆಚೆಯ ದನಿ ತಡೆದು ತಡೆದು ಬಂತು. "ಓಲೆ ಬರ್ಲಿಕತ್ತಾವ್ರಿ. ನಾ ಎಲ್ಲಾ ಓದ್ತೀನಿ. ಅಪ್ಪಾಜಿ ಹೋಗ್ಯಾರ ಅಂತ ಗೊತ್ತಾದ್ರ ಹೆಸರು ತೆಗೀತೀರೇನೋ ಅಂತ ಅಂಜಿಕಿ ಇತ್ತು. ಗೊತ್ತಾಗ್ಲಿ ಅಂತಾನೂ ಇತ್ತು."

"ತೆಗಿಯಾಂಗಿಲ್ಲ," ಎಂದಳು ಬಸವೇಶ್ವರಿ. "ಅವರ ನಂಬರ್ ಹಂಗೇ ಇರ್ತದ. ಓಲೆ ನಿನ್ನ ಹೆಸರಿಗೆ ಬರ್ತದ."

ಅವತ್ತೇ ಸಂತೋಷಕುಮಾರ ಲಕೋಟೆಯ ಮೇಲಿನ ವಿಳಾಸ ಬದಲಿಸಿದ. ನಂಬರುಗಳನ್ನು ಮುಟ್ಟಲಿಲ್ಲ. ಇನ್ನು ಮುಂದೆ ಹಿಂದಿರುಗಿದ್ದೆಲ್ಲ ಬಸವೇಶ್ವರಿಗೆ ಬರುವುದು. ಸರ್ ಡಬ್ಬಿ ಮುಚ್ಚಲೋ ಎಂದು ಕೇಳಿದಾಗ ಶಿವಕಾಂತಮ್ಮ ಇರಲಿ ಬಿಡು ಎಂದರು.

ಮುಂದಿನ ಭಾನುವಾರ ಬಸವೇಶ್ವರಿ ಹನ್ನೊಂದು ಓಲೆಗಳನ್ನು ಕಾಗದದ ಮೇಲೆ ತೆಗೆಸಿಕೊಂಡು ನಾಲವಾರಕ್ಕೆ ರೈಲು ಹತ್ತಿದಳು. ಮಠಕ್ಕೆ ಹೋಗುವ ಮಂದಿಯಿಂದ ಗಾಡಿ ತುಂಬಿತ್ತು. ಅಲ್ಲಿಂದ ಸನ್ನತಿಯ ಬಸ್ಸು. ಚಂದ್ರಲಾಂಬಾ ಗುಡಿಯ ಹತ್ತಿರ ಇಳಿದು ಕೇಳಿದರೆ, "ಅಂಗನವಾಡಿ ಟೀಚರ್ ಮನೀನಾ?" ಎಂದು ದಾರಿಯಲ್ಲಿದ್ದವರೆಲ್ಲ ತೋರಿಸಿದರು.

ರಮಾಬಾಯಿ ಅಂಗಳದಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಗೆಳತಿಯನ್ನು ಕಂಡು ಮೊರ ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತಳು.

"ನಿನ್ನ ಓಲೆ ಎಲ್ಲಿ ಹೋಗಿದ್ವು ಸಿಕ್ತು," ಎಂದಳು ಬಸವೇಶ್ವರಿ. ನಿಂತಲ್ಲೇ ಎಲ್ಲ ಹೇಳಿದಳು. "ನಿನ್ನ ಹೆಸರು ಯಾರೂ ಬಿಟ್ಟಿದ್ದಿಲ್ಲ ರಮಾ. ಪ್ರತಿ ಸಲ ಕಳಸೀನಿ. ಪ್ರತಿ ಸಲ ನಿನ್ನ ಬಾಗಲಿಗೆ ಬಂದು ವಾಪಸ್ ಹೋಗ್ಯದ. ವಾಪಸ್ ಬಂದದ್ದು ನೋಡೋರು ಇದ್ದಿಲ್ಲ. ನೋಡಬೇಕಾದಾಕಿ ನಾನೇ ಇದ್ದೆ. ನನಗ ಮಾಫ್ ಮಾಡು."

ರಮಾಬಾಯಿ ಕಾಗದದ ಕಟ್ಟು ತೆಗೆದುಕೊಂಡು ಕಟ್ಟೆಯ ಮೇಲೆ ಕುಳಿತಳು. ಎಲ್ಲಕ್ಕಿಂತ ಮೇಲೆ ಮೊದಲ ಓಲೆ ಇತ್ತು, ಸರ್ ಹೋದ ಸುದ್ದಿಯದು. ಅಂಗನವಾಡಿಯ ಮಕ್ಕಳಿಗೆ ಓದಿ ಹೇಳುವವಳ ಹಾಗೆ ಒಂದೊಂದೇ ಸಾಲು ಬಾಯಿ ತೆರೆದು ಓದಿದಳು. "ಚಿರಂಜೀವಿ ರಮಾಬಾಯಿಗೆ. ನಮ್ಮ ಗುರುಲಿಂಗಯ್ಯ ಸರ್ ಇಂದು ಮುಂಜಾನೆ ತೀರಿಕೊಂಡರು. ನಾಳೆ ಮೂರು ಗಂಟೆಗೆ ಚಿತ್ತಾಪುರದಲ್ಲಿ ಮಣ್ಣು…" ಅಲ್ಲಿಗೆ ನಿಂತಿತು. ಸೆರಗು ಬಾಯಿಗೆ ಒತ್ತಿಕೊಂಡಳು. ಬಸವೇಶ್ವರಿ ಪಕ್ಕದಲ್ಲಿ ಕುಳಿತಳು. ಇಬ್ಬರೂ ಅತ್ತರು, ಎರಡೂವರೆ ವರ್ಷ ತಡವಾಗಿ, ಆದರೆ ಕೂಡಿ.

"ಚಿರಂಜೀವಿ ಅಂತ ಬರೀತಿಯೇನ ನನಗ?" ಎಂದಳು ರಮಾಬಾಯಿ ಕೊನೆಗೆ, ಕಣ್ಣೊರೆಸಿಕೊಳ್ಳುತ್ತ. "ನನಗಿಂತ ಮೂರು ತಿಂಗಳು ಸಣ್ಣಾಕಿ ನೀನು."

ನೀನು ಎಂದಳಲ್ಲ ಎಂದು ಬಸವೇಶ್ವರಿಗೆ ಹಗುರಾಯಿತು. "ಸರ್ ಬರೀತಿದ್ದಂಗ ಬರೆದೆ. ಫೋಟೊ ಸ್ವಲ್ಪ ಅಳಿಸಿದ್ರ ಮೊಬೈಲಿಗೇ ಬರ್ತಾವ."

"ಮೊಮ್ಮಗನ ಫೋಟೊ ನಾ ಅಳಿಸಂಗಿಲ್ಲ. ನೀನೇ ತಂದು ಕೊಡು."

ಊಟಕ್ಕೆ ಕುಳಿತಾಗ ಬಸವೇಶ್ವರಿ ಸರ್ ಪುಸ್ತಕ ತೋರಿಸಿದಳು. ಉಳಿದವರನ್ನು ಎಲ್ಲಿಂದ ಹುಡುಕುವುದು, ರಜೆ ಇರುವುದು ಭಾನುವಾರ ಒಂದೇ, ಎಂದಳು. ರಮಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅಂಗನವಾಡಿ ಇಲ್ಲದ ಊರು ಯಾವುದದ? ಟ್ರೇನಿಂಗಿನ್ಯಾಗ ಎಲ್ಲಾ ತಾಲೂಕಿನೋರೂ ಗೊತ್ತಾಗ್ಯಾರ. ಹೆಸರು, ಊರು ಬರಕೊಡು. ಯಾರ ಮನ್ಯಾಗ ಯಾರು ಅದಾರ ಅನ್ನೂದು ನಮಗಿಂತ ಯಾರಿಗೆ ಗೊತ್ತದ?"

ಅದು ಬರೀ ಮಾತಾಗಲಿಲ್ಲ. ನಾಲ್ಕನೆಯ ದಿನಕ್ಕೆ ಫೋನ್ ಬಂತು: ಮುನ್ನೂರ ಎಂಬತ್ತೆಂಟು, ದೇವಿಂದ್ರ, ಚಿಂಚೋಳಿಯಲ್ಲಿ ಸಿಕ್ಕಿದ್ದಾನೆ. ಇಬ್ಬರೂ ಸೇಡಂನಿಂದ ಬಸ್ಸು ಹಿಡಿದು ಹೋದರು. ದೇವಿಂದ್ರ ಅರಣ್ಯ ನರ್ಸರಿಯಲ್ಲಿ ಸಸಿಗಳಿಗೆ ನೀರು ಬಿಡುವ ಕೆಲಸದಲ್ಲಿದ್ದ. ಕೈಯ ಮಣ್ಣು ತೊಳೆದುಕೊಂಡು ಬಂದು ಓಲೆಗಳನ್ನು ತೆಗೆದುಕೊಂಡವನು ಸೀದಾ ಕೊನೆಯ ಪುಟ ತಿರುಗಿಸಿ ಕೇಳಿದ್ದು, "ಲೆಕ್ಕ ಎಲ್ಲದ?"

ಬಸವೇಶ್ವರಿ ಲೆಕ್ಕ ಹಾಕುವುದನ್ನು ಬಿಟ್ಟಿದ್ದಳು. ಗಣಿತ ಆಕೆಗೆ ಬರುತ್ತಿರಲಿಲ್ಲ.

"ಲೆಕ್ಕ ಇಲ್ಲದ ಓಲೆ ಏನ್ ಓಲೆ ಅಕ್ಕ," ಎಂದ ದೇವಿಂದ್ರ. ಆಮೇಲೆ ತಾನೇ, "ನಾ ಕಳಸ್ಲೇನು? ನನ್ನ ಹಂತೇಕ ಸರ್ ಕೊಟ್ಟ ಲೆಕ್ಕ ಭಾಳ ಅವ," ಎಂದ.

ಮಳೆಗಾಲ ಹಿಡಿಯುವ ಹೊತ್ತಿಗೆ ಅರವತ್ತೊಂದರಲ್ಲಿ ನಲವತ್ತಮೂರು ಜನ ಸಿಕ್ಕಿದ್ದರು. ಆರು ಜನ ತೀರಿಕೊಂಡಿದ್ದರು. ಅವರ ಮನೆಯವರಲ್ಲಿ ನಾಲ್ವರು ಓಲೆ ಬೇಕೆಂದರು, ಇಬ್ಬರು ಬೇಡವೆಂದರು. ಒಬ್ಬಳು ತಾನು ಯಾರಿಗೂ ಸಿಗಬಾರದೆಂದೇ ಐಡಿ ಬಿಟ್ಟಿರುವುದಾಗಿ ಹೇಳಿದಳು. ಬಸವೇಶ್ವರಿ ಕಾರಣ ಕೇಳದೆ ಆಕೆಯ ನಂಬರಿನ ಮುಂದೆ ಒಂದು ಗೆರೆ ಎಳೆದಳು. ಉಳಿದವರ ಸುಳಿವು ಇನ್ನೂ ಸಿಕ್ಕಿರಲಿಲ್ಲ.

ಆಗಸ್ಟಿನ ಓಲೆಯನ್ನು ಆಕೆ ಒಂದು ಶುಕ್ರವಾರ ಬೆಳಿಗ್ಗೆ ಕಳಿಸಿದಳು, ಕೊನೆಗೆ ದೇವಿಂದ್ರನ ಲೆಕ್ಕ ಹಾಕಿ. ತಂತ್ರಾಂಶ ಎಂದಿನಂತೆ ಅರ್ಧ ನಿಮಿಷಕ್ಕೊಂದರಂತೆ ಕಳಿಸುತ್ತ ಹೋಯಿತು. ಶಹಾಬಾದಿನ ಗ್ರಂಥಾಲಯದಲ್ಲಿ ಕುಳಿತ ಆಕೆಯ ಮೊಬೈಲಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಮೊದಲ ಪತ್ರ ಹಿಂದಿರುಗಿ ಬಂತು. ಐನೂರ ನಾಲ್ಕು. ಇಂಥ ವಿಳಾಸವಿಲ್ಲ. ಹೆಸರು ನೋಡಿದರೆ ಶಿವರಾಯ, ತೊಂಬತ್ತಾರರ ತಂಡದವನು, ಆಕೆ ಕಂಡೇ ಇರದ ಹುಡುಗ. ಹಿಂದಿರುಗಿ ಬಂದದ್ದಕ್ಕೆ ಆಕೆಗೆ ಆ ದಿನ ಆದಷ್ಟು ಸಮಾಧಾನ, ಮುಟ್ಟಿದ ನಾನೂರಕ್ಕೆ ಆಗಿರಲಿಲ್ಲ.

ಆಕೆ ರಮಾಬಾಯಿಗೆ ಫೋನ್ ಹಚ್ಚಿದಳು.

"ಯಾವ ಊರು?" ಎಂದು ಕೇಳಿದಳು ರಮಾಬಾಯಿ. ಹಿಂದೆ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತಿತ್ತು.

"ಅಪ್ಪ ಸೇಡಂ ಹತ್ರ ಗಣ್ಯಾಗ ಇದ್ದ ಅಂತ ಸರ್ ಬರದಾರ. ಈಗ ಗೊತ್ತಿಲ್ಲ."

"ಭಾನುವಾರ ಮುಂಜಾನಿ ಗಾಡಿಗೆ ವಾಡಿಗೆ ಬರ್ತೀನಿ. ನೀ ರೊಟ್ಟಿ ತಾ, ನಾ ಹಿಂಡಿ ತರ್ತೀನಿ," ಎಂದು ಹೇಳಿ ರಮಾಬಾಯಿ ಮಕ್ಕಳ ಕಡೆ ತಿರುಗಿದಳು.